ಆದಿ ಗೆಲಾಕ್ಸಿಗಳ ಒಳಹರಿವು, ಹೊರಹರಿವು

ಮಳೆಗಾಲದಲ್ಲಿ ಮೈಸೂರು ಜಿಲ್ಲೆಯ ಯಾವ ದಿನಪತ್ರಿಕೆಯನ್ನು ಬಿಡಿಸಿದರೂ ಮೂಲೆಯಲ್ಲೊಂದು ಸಣ್ಣ ಪಟ್ಟಿ ಇರುತ್ತದೆ. ಕಬಿನಿ ಜಲಾಶಯ: ಗರಿಷ್ಠ ಮಟ್ಟ 2,284 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಕ್ಯುಸೆಕ್. ಎಚ್.ಡಿ. ಕೋಟೆಯವರು ಕಬಿನಿಯ ಅಂಕಿಯನ್ನು ಹುಡುಕಿದರೆ, ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರಗಳ ರೈತರು ಹಾರಂಗಿಯ ಅಂಕಿಯನ್ನು ಹುಡುಕುತ್ತಾರೆ. ಅವರ ನಾಲೆಗೆ ನೀರು ಬರುವುದು ಅಲ್ಲಿಂದ ತಾನೆ?

ಈ ಪಟ್ಟಿಯಲ್ಲಿ ಒಂದು ಪುಟ್ಟ ಭೌತವಿಜ್ಞಾನವಿದೆ. ಒಳಹರಿವು 20,000 ಕ್ಯುಸೆಕ್, ಹೊರಹರಿವು 15,000 ಕ್ಯುಸೆಕ್ ಇದೆ ಎನ್ನೋಣ. ಸೆಕೆಂಡಿಗೆ 5,000 ಘನ ಅಡಿ ಉಳಿಯುತ್ತದೆ. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 43.2 ಕೋಟಿ ಘನ ಅಡಿ, ಅಂದರೆ 0.43 ಟಿಎಂಸಿ. ಕಬಿನಿಯ ಒಟ್ಟು ಸಾಮರ್ಥ್ಯ 19.52 ಟಿಎಂಸಿ. ಸಂಗ್ರಹ, ಒಳಹರಿವು, ಹೊರಹರಿವು ಈ ಮೂರು ತಿಳಿದರೆ ಜಲಾಶಯದ ನಿನ್ನೆ ಮತ್ತು ನಾಳೆ ಎರಡನ್ನೂ ಹೇಳಬಹುದು.

ಗೆಲಾಕ್ಸಿಗಳ ವಿಷಯದಲ್ಲೂ ಖಗೋಳವಿಜ್ಞಾನಿಗಳು ಹುಡುಕುತ್ತಿರುವುದು ಇದೇ ಮೂರು ಅಂಕಿಗಳನ್ನು. ತೊಂದರೆಯೆಂದರೆ, ಇಲ್ಲಿ ನೀರಿನ ಬದಲು ಹೈಡ್ರೊಜನ್ ಅನಿಲ. ಜಲಾಶಯ ಸಾವಿರಾರು ಜ್ಯೋತಿರ್ವರ್ಷ ಅಗಲ. ನಾವು ನೋಡುತ್ತಿರುವುದು ಅದರ ನೂರಾರು ಕೋಟಿ ವರ್ಷ ಹಳೆಯ ಪತ್ರಿಕೆಯನ್ನು. ಆ ಹಳೆಯ ಪತ್ರಿಕೆಯನ್ನು ಓದುವುದು ಹೇಗೆ, ಅದರಲ್ಲೂ ಹೊರಹರಿವಿನ ಕಲಮನ್ನು ತಪ್ಪಿಲ್ಲದೆ ಓದುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಅನಿಲವೇ ಬಂಡವಾಳ

ದೂರದರ್ಶಕದ ಚಿತ್ರದಲ್ಲಿ ಗೆಲಾಕ್ಸಿಯೆಂದರೆ ನಕ್ಷತ್ರಗಳ ಗುಂಪು. ಆದರೆ ನಕ್ಷತ್ರಗಳು ಈಗಾಗಲೇ ಖರ್ಚಾದ ಹಣ. ತಣ್ಣಗಿನ ಅನಿಲವು ತನ್ನದೇ ಗುರುತ್ವದಿಂದ ಕುಸಿದು ನಕ್ಷತ್ರವಾಗುತ್ತದೆ. ಅನಿಲ ಮುಗಿದರೆ ಹೊಸ ನಕ್ಷತ್ರ ಹುಟ್ಟುವುದಿಲ್ಲ. ನಮ್ಮ ಆಕಾಶಗಂಗೆಯನ್ನೇ ತೆಗೆದುಕೊಳ್ಳಿ. ನಕ್ಷತ್ರ ಹುಟ್ಟಲು ತಯಾರಾಗಿರುವ ಅಣುರೂಪದ ಅನಿಲ ಇದರಲ್ಲಿ ಸುಮಾರು 100 ಕೋಟಿ ಸೌರರಾಶಿಯಷ್ಟಿದೆ. ವರ್ಷಕ್ಕೆ ಒಂದೆರಡು ಸೌರರಾಶಿಯಷ್ಟು ನಕ್ಷತ್ರವಾಗಿ ಖರ್ಚಾಗುತ್ತದೆ. ಭಾಗಿಸಿ ನೋಡಿ: 50ರಿಂದ 100 ಕೋಟಿ ವರ್ಷಗಳಲ್ಲಿ ಮುಗಿಯಬೇಕು. ಆದರೆ ಆಕಾಶಗಂಗೆ ಸಾವಿರ ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲದಿಂದ ನಕ್ಷತ್ರಗಳನ್ನು ಹಡೆಯುತ್ತಲೇ ಇದೆ. ಹಾಗಾದರೆ ಎಲ್ಲಿಂದಲೋ ಒಳಹರಿವು ಇರಲೇಬೇಕು. ಕಣ್ಣಿಗೆ ಕಾಣದ ನಾಲೆಯನ್ನು ಬರೀ ಲೆಕ್ಕದಿಂದ ಕಂಡುಹಿಡಿದಂತಾಯಿತು! ಒಳಹರಿವನ್ನು ನೇರವಾಗಿ ನೋಡುವುದು ಇಂದಿಗೂ ಬಹಳ ಕಷ್ಟ. ಬಹುಪಾಲು ಅದನ್ನು ಹೀಗೆ ಲೆಕ್ಕದಿಂದಲೇ ಊಹಿಸುತ್ತೇವೆ. ಆದ್ದರಿಂದ ಉಳಿದೆರಡು ಕಲಮುಗಳತ್ತ ಹೋಗೋಣ.

ಸಂಗ್ರಹ ಎಷ್ಟು?

ತಟಸ್ಥ ಹೈಡ್ರೊಜನ್ ಪರಮಾಣುವಿನಲ್ಲಿ ಪ್ರೋಟಾನು ಮತ್ತು ಎಲೆಕ್ಟ್ರಾನುಗಳ ಗಿರಕಿ ಒಂದೇ ದಿಕ್ಕಿಗಿದ್ದರೆ ಶಕ್ತಿ ತುಸು ಹೆಚ್ಚು, ವಿರುದ್ಧವಾಗಿದ್ದರೆ ತುಸು ಕಡಿಮೆ. ಮೊದಲ ಸ್ಥಿತಿಯಿಂದ ಎರಡನೆಯದಕ್ಕೆ ಇಳಿಯುವಾಗ 21.1 ಸೆಂ.ಮೀ. ತರಂಗದೂರದ, ಅಂದರೆ 1420.4 ಮೆಗಾಹರ್ಟ್ಸ್ ಆವೃತ್ತಿಯ ರೇಡಿಯೊ ಅಲೆ ಹೊರಬೀಳುತ್ತದೆ. ಒಂದು ಪರಮಾಣು ತಾನಾಗಿ ಹೀಗೆ ಇಳಿಯಲು ಸರಾಸರಿ 1.1 ಕೋಟಿ ವರ್ಷ ಕಾಯಬೇಕು! ಗೆಲಾಕ್ಸಿಯಲ್ಲಿ ಪರಮಾಣುಗಳ ಸಂಖ್ಯೆ ಅಪಾರವಾದ್ದರಿಂದ ಮಾತ್ರ ಈ ಸಂಕೇತ ನಮಗೆ ಕೇಳಿಸುತ್ತದೆ. ದೂರ ಹೋದಂತೆ ಅದು ಬಹು ಬೇಗ ಕ್ಷೀಣವಾಗುತ್ತದೆ.

ಇಲ್ಲಿ ಕೆಂಪು ಪಲ್ಲಟವನ್ನು ನೆನಪಿಸಿಕೊಳ್ಳಿ. ಬೆಳಕು ಪಯಣಿಸುವಷ್ಟು ಕಾಲದಲ್ಲಿ ವಿಶ್ವ ಹಿಗ್ಗುತ್ತದೆ. ಅಲೆಯೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಕೆಂಪು ಪಲ್ಲಟಕ್ಕೆ 1 ಕೂಡಿಸಿ ಮೂಲ ತರಂಗದೂರವನ್ನು ಗುಣಿಸಿದರೆ ನಮಗೆ ತಲಪುವ ತರಂಗದೂರ ಸಿಗುತ್ತದೆ. ಈ ಒಂದು ಸೂತ್ರ ಸಾಕು, ಮುಂದಿನ ಲೆಕ್ಕಗಳನ್ನೆಲ್ಲ ನಿಮ್ಮ ವಿದ್ಯಾರ್ಥಿಗಳೇ ಮಾಡಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅರ್ಣಬ್ ಚಕ್ರವರ್ತಿ 2023ರ ಜನವರಿಯಲ್ಲಿ ಸುದ್ದಿಯಾದದ್ದು ಈ 21 ಸೆಂ.ಮೀ. ಅಲೆಯಿಂದಲೇ. ಪುಣೆಯ ಉತ್ತರಕ್ಕಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ (45 ಮೀಟರ್ ವ್ಯಾಸದ 30 ತಟ್ಟೆಗಳ ಸಮೂಹ ಅದು) ಅವರು 1.29 ಕೆಂಪು ಪಲ್ಲಟದ ಒಂದೇ ಒಂದು ಗೆಲಾಕ್ಸಿಯ ಹೈಡ್ರೊಜನ್ ಸಂಕೇತವನ್ನು ಹಿಡಿದರು. 21.1ನ್ನು 2.29ರಿಂದ ಗುಣಿಸಿ: 48 ಸೆಂ.ಮೀ. ಅಲೆ ಹೊರಟಾಗ ವಿಶ್ವಕ್ಕೆ 490 ಕೋಟಿ ವರ್ಷ. ಇಷ್ಟು ದೂರದಿಂದ ಅದು ಕೇಳಿಸಿದ್ದಾದರೂ ಹೇಗೆ? ನಡುವೆ ಇನ್ನೊಂದು ಗೆಲಾಕ್ಸಿ ಅಡ್ಡ ಬಂದು, ತನ್ನ ಗುರುತ್ವದಿಂದ ಮಸೂರದಂತೆ ವರ್ತಿಸಿ ಸಂಕೇತವನ್ನು ಸುಮಾರು 30 ಪಟ್ಟು ಹಿಗ್ಗಿಸಿತ್ತು. ಆ ಗೆಲಾಕ್ಸಿಯಲ್ಲಿ ನಕ್ಷತ್ರಗಳ ಒಟ್ಟು ರಾಶಿಯ ಸುಮಾರು ಎರಡರಷ್ಟು ಹೈಡ್ರೊಜನ್ ಇದ್ದುದು ಕಂಡುಬಂದಿತು.

ಪ್ರಕೃತಿ ಮಸೂರ ಒದಗಿಸದಿದ್ದಾಗ ಸರಾಸರಿಯ ಉಪಾಯವಿದೆ. 2020ರಲ್ಲಿ ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ಆದಿತ್ಯ ಚೌಧುರಿ, ನಿಸ್ಸಿಮ್ ಕಾನೇಕರ್, ಜಯರಾಂ ಚೆಂಗಲೂರು ಹಾಗೂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಠಿ, ಕೆ.ಎಸ್. ದ್ವಾರಕಾನಾಥ್ ಸೇರಿ 7,653 ಗೆಲಾಕ್ಸಿಗಳ ಸಂಕೇತವನ್ನು ಒಂದರ ಮೇಲೊಂದು ಪೇರಿಸಿದರು. ಬಿಡಿಬಿಡಿಯಾಗಿ ಒಂದೂ ಕಾಣದು. ಪೇರಿಸಿದಾಗ ಗದ್ದಲವೆಲ್ಲ ಒಂದನ್ನೊಂದು ಅಳಿಸಿಕೊಂಡು ಸಂಕೇತ ಮೇಲೆದ್ದಿತು. ಅವುಗಳ ಅನಿಲ ಹೊಸ ಒಳಹರಿವಿಲ್ಲದೆ ಎಷ್ಟು ಕಾಲ ಬಾಳೀತು? 100ರಿಂದ 200 ಕೋಟಿ ವರ್ಷ ಮಾತ್ರ. ನಂತರದ ಕಾಲದಲ್ಲಿ ವಿಶ್ವದಾದ್ಯಂತ ನಕ್ಷತ್ರಗಳ ಹುಟ್ಟು ಇಳಿಮುಖವಾದದ್ದು ಏಕೆ ಎಂಬುದಕ್ಕೆ ಇದೊಂದು ನೇರ ಸುಳಿವು. ಒಳಹರಿವು ಸಾಕಾಗಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಹೈಡ್ರೊಜನ್ ಅಣುವನ್ನಾಗಲಿ ಪರಮಾಣುವನ್ನಾಗಲಿ ನೆಚ್ಚುವಂತಿಲ್ಲ. ಆಗ ಅದರ ಜೊತೆಗಿರುವ ಕಾರ್ಬನ್, ಆಕ್ಸಿಜನ್‌ಗಳು ಸಾಕ್ಷಿ ಹೇಳುತ್ತವೆ. ಅಯಾನೀಕೃತ ಕಾರ್ಬನ್ನಿನ 158 ಮೈಕ್ರೋಮೀಟರ್ ಮತ್ತು ಎರಡು ಎಲೆಕ್ಟ್ರಾನು ಕಳೆದುಕೊಂಡ ಆಕ್ಸಿಜನ್ನಿನ 88 ಮೈಕ್ರೋಮೀಟರ್ ರೇಖೆಗಳು ಇಲ್ಲಿ ಮುಖ್ಯ. ಎರಡೂ ದೂರದ ಅವಕೆಂಪಿನವು. ಹಿಗ್ಗಿ ಬರುವಷ್ಟರಲ್ಲಿ ಮಿಲಿಮೀಟರ್ ಅಲೆಗಳಾಗಿರುತ್ತವೆ. ಚಿಲಿ ದೇಶದಲ್ಲಿ 5,000 ಮೀಟರ್ ಎತ್ತರದ ಒಣ ಪ್ರಸ್ಥಭೂಮಿಯಲ್ಲಿರುವ ಆಲ್ಮಾ ದೂರದರ್ಶಕದ 66 ತಟ್ಟೆಗಳು ಇವನ್ನು ಹಿಡಿಯುತ್ತವೆ.

ಒಂದು ಉದಾಹರಣೆ. ಜೇಮ್ಸ್ ವೆಬ್ ದೂರದರ್ಶಕವು 2024ರಲ್ಲಿ ಗುರುತಿಸಿದ ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿಯಲ್ಲಿ 2025ರಲ್ಲಿ ಎರಡು ತಂಡಗಳು ಆಲ್ಮಾದ ಮೂಲಕ ಆಕ್ಸಿಜನ್ ರೇಖೆಯನ್ನು ಕಂಡವು. ಈ ರೇಖೆಯ ಮೂಲ ಆವೃತ್ತಿ 3,393 ಗಿಗಾಹರ್ಟ್ಸ್. ಸಿಕ್ಕಿದ್ದು 223.5 ಗಿಗಾಹರ್ಟ್ಸ್‌ನಲ್ಲಿ. ಭಾಗಿಸಿದರೆ 15.18, ಅದರಿಂದ 1 ಕಳೆದರೆ ಕೆಂಪು ಪಲ್ಲಟ 14.18. ಮಹಾಸ್ಫೋಟವಾಗಿ 30 ಕೋಟಿ ವರ್ಷವೂ ಸರಿಯಾಗಿ ತುಂಬದ ಕಾಲವದು. ಆಕ್ಸಿಜನ್ ತಯಾರಾಗುವುದು ನಕ್ಷತ್ರಗಳ ಒಡಲಲ್ಲಿ. ಅಂದರೆ ಅಷ್ಟರೊಳಗೆ ಅಲ್ಲಿ ದೊಡ್ಡ ನಕ್ಷತ್ರಗಳು ಹುಟ್ಟಿ, ಬಾಳಿ, ಸಿಡಿದು ಸತ್ತಿದ್ದವು. ನನಗೆ ಹೆಚ್ಚು ಕುತೂಹಲ ತಂದದ್ದು ಅದರ ನಂತರದ ಸುದ್ದಿ. ಅದೇ ಗೆಲಾಕ್ಸಿಯಲ್ಲಿ ಕಾರ್ಬನ್ ರೇಖೆಯನ್ನು 125 ಗಿಗಾಹರ್ಟ್ಸ್ ಬಳಿ ಆಳವಾಗಿ ಹುಡುಕಿದಾಗ ಅದು ಸಿಗಲೇ ಇಲ್ಲ. ಆ ಜಲಾಶಯದ ಮಟ್ಟ ಆಗಲೇ ತಳ ಹಿಡಿದಿರಬಹುದು ಎಂದು ಸಂಶೋಧಕರು ಇದನ್ನು ಓದಿದ್ದಾರೆ. ಅನಿಲವೆಲ್ಲ ನಕ್ಷತ್ರವಾಯಿತೆ? ಅಥವಾ ಯಾರಾದರೂ ಗೇಟು ತೆರೆದರೆ?

ಹೊರಹರಿವನ್ನು ಕಾಣುವುದು ಹೇಗೆ?

ಗೆಲಾಕ್ಸಿಯಲ್ಲಿ ಗೇಟು ತೆರೆಯುವವರು ಇಬ್ಬರು. ಒಂದು, ಸೂಪರ್‌ನೋವಾಗಳು, ಅಂದರೆ ಸಿಡಿಯುವ ಬೃಹತ್ ನಕ್ಷತ್ರಗಳು. ಇನ್ನೊಂದು, ಕೇಂದ್ರದಲ್ಲಿ ಕುಳಿತು ಅನಿಲವನ್ನು ನುಂಗುವ ಕಪ್ಪುಕುಳಿ. ನುಂಗುವ ಮುನ್ನ ಆ ಅನಿಲ ವಿಪರೀತ ಕಾಯುತ್ತದೆ. ಅದರ ವಿಕಿರಣ ಮತ್ತು ಚಿಮ್ಮುಧಾರೆಗಳು ಸುತ್ತಲಿನ ಅನಿಲವನ್ನು ಹೊರಕ್ಕೆ ನೂಕುತ್ತವೆ.

ಹೀಗೆ ಹೊರಡುವ ಅನಿಲವನ್ನು ಡಾಪ್ಲರ್ ಪರಿಣಾಮದಿಂದ ಪತ್ತೆಮಾಡಬಹುದು ಎಂದು ಪಠ್ಯಪುಸ್ತಕ ಓದಿದವರು ಕೂಡಲೇ ಹೇಳುತ್ತಾರೆ. ನಿಜ, ಆದರೆ ಅಷ್ಟು ಸುಲಭವಲ್ಲ. ಅನಿಲವೇ ಹೊಳೆಯುತ್ತಿದ್ದರೆ ಅದರ ಉತ್ಸರ್ಜನ ರೇಖೆ ಎರಡೂ ಕಡೆಗೆ ಅಗಲವಾಗುತ್ತದೆ. ನಮ್ಮತ್ತ ಬರುವ ಭಾಗ ನೀಲಿಯತ್ತ, ನಮ್ಮಿಂದ ದೂರ ಸರಿಯುವ ಭಾಗ ಕೆಂಪಿನತ್ತ. ರೋಹಿತದಲ್ಲಿ ನಡುವೆ ಎತ್ತರದ ಶಿಖರ, ಎರಡೂ ಬದಿಗೆ ತಗ್ಗಿನ ರೆಕ್ಕೆಗಳು ಕಾಣುತ್ತವೆ. ಆದರೆ ಗೆಲಾಕ್ಸಿ ತನ್ನ ಸುತ್ತ ತಾನೇ ತಿರುಗುತ್ತಿದ್ದರೂ ರೇಖೆ ಅಗಲವಾಗುತ್ತದೆ. ಎರಡು ಗೆಲಾಕ್ಸಿಗಳು ಢಿಕ್ಕಿ ಹೊಡೆಯುತ್ತಿದ್ದರೂ ಅಷ್ಟೆ. ಅಷ್ಟೇ ಏಕೆ, ಅನಿಲ ಒಳಕ್ಕೆ ಸುರಿಯುತ್ತಿದ್ದರೂ ರೆಕ್ಕೆಗಳು ಹೀಗೇ ಮೂಡುತ್ತವೆ! ಒಳಹರಿವಿನಲ್ಲಿ ನಮ್ಮತ್ತ ಬರುವುದು ಹಿಂಬದಿಯ ಅನಿಲ, ಹೊರಹರಿವಿನಲ್ಲಿ ಮುಂಬದಿಯದು. ದೂರದಿಂದ ಗೆಲಾಕ್ಸಿ ಒಂದು ಚುಕ್ಕೆಯಾಗಿ ಕಾಣುವಾಗ ಮುಂದಿನದು ಯಾವುದು, ಹಿಂದಿನದು ಯಾವುದು? ಬರಿಯ ರೆಕ್ಕೆಗಳನ್ನು ನೋಡಿ 'ಹೊರಹರಿವು ಪತ್ತೆ' ಎಂದು ಬರೆಯುವ ಸುದ್ದಿಗಳನ್ನು ಓದುವಾಗ ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿರಲಿ.

ಈ ಗೊಂದಲವನ್ನು ಬಿಡಿಸುವ ಒಂದು ಜಾಣ ದಾರಿಯೇ ಹೀರಿಕೆ ರೇಖೆ. ಅನಿಲ ಹೊಳೆಯುವ ಬದಲು ಹಿಂದಿನ ನಕ್ಷತ್ರಗಳ ಬೆಳಕನ್ನು ಹೀರಿಕೊಂಡರೆ ರೋಹಿತದಲ್ಲಿ ಕಪ್ಪು ಗೆರೆ ಮೂಡುತ್ತದೆ. ನಕ್ಷತ್ರದ ಬೆಳಕನ್ನು ಹೀರಬೇಕಾದರೆ ಅನಿಲವು ನಕ್ಷತ್ರಗಳಿಗೂ ನಮಗೂ ನಡುವೆ ಇರಲೇಬೇಕು. ಸ್ಥಾನ ಖಚಿತವಾಯಿತು. ಆ ಕಪ್ಪು ಗೆರೆ, ಗೆಲಾಕ್ಸಿಯ ನಕ್ಷತ್ರಗಳಿಗೆ ಹೋಲಿಸಿದರೆ, ನೀಲಿಯತ್ತ ಸರಿದಿದ್ದರೆ ಅನಿಲ ನಮ್ಮತ್ತ ಬರುತ್ತಿದೆ. ಮುಂದಿರುವ ಅನಿಲ ನಮ್ಮತ್ತ ಬಂದರೆ ಅದು ಗೆಲಾಕ್ಸಿಯನ್ನು ಬಿಟ್ಟು ಹೊರಟಿದೆ ಎಂದೇ ಅರ್ಥ. ಕೆಂಪಿನತ್ತ ಸರಿದಿದ್ದರೆ ಒಳಕ್ಕೆ ಬೀಳುತ್ತಿದೆ. ಸಂದೇಹಕ್ಕೆ ಎಡೆಯಿಲ್ಲ. ಈ ಲೇಖನದಲ್ಲಿ ಒಂದೇ ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಈಗ ನಿಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಬನ್ನಿ. ಪದವಿ ತರಗತಿಯ ಗ್ರೇಟಿಂಗ್ ಪ್ರಯೋಗದಲ್ಲಿ ಸೋಡಿಯಂ ದೀಪ ಹಚ್ಚಿ, ರೋಹಿತಮಾಪಕದಲ್ಲಿ ಹಳದಿ ಗೆರೆಯನ್ನು ನೋಡುತ್ತೀರಿ. ಎರಡನೆಯ ಕ್ರಮಾಂಕದಲ್ಲಿ ಅದು ಎರಡಾಗಿ ಒಡೆದು ಕಾಣುತ್ತದೆ: 589.0 ಮತ್ತು 589.6 ನ್ಯಾನೋಮೀಟರ್. ಅದೇ ಜೋಡಿ ಗೆರೆಯನ್ನು, ಈ ಬಾರಿ ಕಪ್ಪಾಗಿ, 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅಳೆಯಿತು. ಗೆಲಾಕ್ಸಿಯ ಹೆಸರು ಜಿಎಸ್-10578. ಅದನ್ನು ಆರಿಸಿದ ಸಹೋದ್ಯೋಗಿಯ ನೆನಪಿಗೆ ಸಂಶೋಧಕರು 'ಪ್ಯಾಬ್ಲೊನ ಗೆಲಾಕ್ಸಿ' ಎನ್ನುತ್ತಾರೆ. ಕೆಂಪು ಪಲ್ಲಟ 3.064, ವಿಶ್ವಕ್ಕೆ ಆಗ ಸುಮಾರು 200 ಕೋಟಿ ವರ್ಷ. ರಾಶಿ ಸುಮಾರು 20,000 ಕೋಟಿ ಸೌರರಾಶಿ. ಇಷ್ಟು ದೊಡ್ಡ ಗೆಲಾಕ್ಸಿಯಲ್ಲಿ ಹೊಸ ನಕ್ಷತ್ರಗಳ ಹುಟ್ಟು ಬಹುಮಟ್ಟಿಗೆ ನಿಂತುಹೋಗಿತ್ತು.

ಲೆಕ್ಕ ಮಾಡೋಣ. 589.0ನ್ನು 4.064ರಿಂದ ಗುಣಿಸಿದರೆ 2,394 ನ್ಯಾನೋಮೀಟರ್. ಹಳದಿ ಬೆಳಕು ಅವಕೆಂಪಾಗಿ ಬಂದಿದೆ. ಅಳೆದ ಅನಿಲದ ವೇಗ ಸೆಕೆಂಡಿಗೆ ಸುಮಾರು 1,000 ಕಿ.ಮೀ. ಬೆಳಕಿನ ವೇಗದ ಮುನ್ನೂರರಲ್ಲಿ ಒಂದು ಪಾಲು. ಆದ್ದರಿಂದ ಗೆರೆ 2,394ರ ಮುನ್ನೂರರಲ್ಲಿ ಒಂದು ಪಾಲು, ಅಂದರೆ 8 ನ್ಯಾನೋಮೀಟರ್ ನೀಲಿಯತ್ತ ಸರಿಯಬೇಕು. ನಿಮ್ಮ ಪ್ರಯೋಗಾಲಯದ ಅಳತೆಗೆ ಇಳಿಸಿದರೆ ಇದು 2 ನ್ಯಾನೋಮೀಟರ್. ಸೋಡಿಯಂ ಜೋಡಿಯ ನಡುವಿನ ಅಂತರ 0.6; ಅದರ ಮೂರು ಪಟ್ಟಿಗಿಂತ ಹೆಚ್ಚು. ಗ್ರೇಟಿಂಗಿನಲ್ಲಿ ಆ ಜೋಡಿಯನ್ನು ಬೇರೆಬೇರೆಯಾಗಿ ಕಂಡ ವಿದ್ಯಾರ್ಥಿಗೆ ಈ ಸರಿತ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಸೋಡಿಯಮ್ಮೇ ಏಕೆ? ಅದರ ಹೊರ ಎಲೆಕ್ಟ್ರಾನನ್ನು ಕೀಳಲು 5.14 ಎಲೆಕ್ಟ್ರಾನ್ ವೋಲ್ಟ್ ಸಾಕು, ಹೈಡ್ರೊಜನ್‌ಗೆ 13.6 ಬೇಕು. ಆದ್ದರಿಂದ ತಟಸ್ಥ ಸೋಡಿಯಂ ಉಳಿದಿದೆಯೆಂದರೆ ಅಲ್ಲಿಯ ಅನಿಲ ತಣ್ಣಗಿದೆ, ದೂಳಿನ ಮರೆಯಲ್ಲಿದೆ ಎಂದಾಯಿತು. ನಕ್ಷತ್ರ ಹುಟ್ಟುವುದು ಇಂಥ ತಣ್ಣನೆಯ ಅನಿಲದಿಂದಲೇ. ಹೊರಹೋಗುತ್ತಿರುವುದು ಬೇಡದ ನೀರಲ್ಲ, ಬಿತ್ತನೆಗೆ ಇಟ್ಟ ನೀರು! (ನಕ್ಷತ್ರಗಳ ವಾತಾವರಣದಲ್ಲೂ ಸೋಡಿಯಂ ಇರುತ್ತದೆ. ಅದರ ಪಾಲನ್ನು ಮೊದಲು ಕಳೆದುಬಿಡಬೇಕು. ಈ ಕೆಲಸವೇ ಸಂಶೋಧಕರ ಹೆಚ್ಚಿನ ಸಮಯವನ್ನು ತಿನ್ನುತ್ತದೆ.)

ಗೇಟು ತೆರೆದವರು ಯಾರು?

1,000 ಕಿ.ಮೀ. ವೇಗದ ಅನಿಲ ಮರಳಿ ಬಾರದಂತೆ ಹೋಗುತ್ತದೆಯೆ? ವಿಮೋಚನ ವೇಗದ ಸೂತ್ರ ನಿಮಗೆ ಗೊತ್ತು. 20,000 ಕೋಟಿ ಸೌರರಾಶಿಯನ್ನು ಒಂದೆಡೆ ಇಟ್ಟು, 5 ಕಿಲೋಪಾರ್ಸೆಕ್, ಅಂದರೆ ಸುಮಾರು 16,000 ಜ್ಯೋತಿರ್ವರ್ಷ ದೂರದಲ್ಲಿ ಲೆಕ್ಕ ಹಾಕಿ: ಸೆಕೆಂಡಿಗೆ ಸುಮಾರು 590 ಕಿ.ಮೀ. ಬರುತ್ತದೆ. ಸುತ್ತಲಿನ ಕಪ್ಪುದ್ರವ್ಯವನ್ನು ಸೇರಿಸಿದರೆ ಇದು ಹೆಚ್ಚುತ್ತದೆ. ಆದರೂ 1,000 ಕಿ.ಮೀ. ವೇಗದ ಅನಿಲ ಬಹು ದೂರ ಹೋಗಬಲ್ಲದು. ಇದಕ್ಕಿಂತ ಕಡಿಮೆ ವೇಗದ್ದು ಕಾರಂಜಿಯಂತೆ ಮೇಲೆದ್ದು ಮತ್ತೆ ಬೀಳುತ್ತದೆ. ಹೊರಹರಿವೆಲ್ಲ ನಷ್ಟವಲ್ಲ.

ಇಂಥ ವೇಗವನ್ನು ಸೂಪರ್‌ನೋವಾಗಳು ಕೊಡಬಲ್ಲವೆ? ಇದಕ್ಕೂ ಒಂದು ಒರಟು ಲೆಕ್ಕವಿದೆ. ಹುಟ್ಟುವ ಪ್ರತಿ 100 ಸೌರರಾಶಿ ನಕ್ಷತ್ರಗಳಿಗೆ ಒಂದು ಸೂಪರ್‌ನೋವಾ ಎನ್ನೋಣ. ಒಂದು ಸೂಪರ್‌ನೋವಾ ಅನಿಲಕ್ಕೆ ಕೊಡುವ ಶಕ್ತಿ 10⁴⁴ ಜೂಲ್. ಅಷ್ಟೂ ಚಲನಶಕ್ತಿಯಾದರೆ 1,000 ಕಿ.ಮೀ. ವೇಗಕ್ಕೆ ಎಷ್ಟು ರಾಶಿಯನ್ನು ಏರಿಸಬಹುದು? ಶಕ್ತಿಯ ಎರಡರಷ್ಟನ್ನು ವೇಗದ ವರ್ಗದಿಂದ ಭಾಗಿಸಿ: 2×10³² ಕಿಲೋಗ್ರಾಂ, ಅಂದರೆ 100 ಸೌರರಾಶಿ. ನೋಡಿ, ಶಕ್ತಿ ಒಂದಿಷ್ಟೂ ಪೋಲಾಗದಿದ್ದರೆ ಎಷ್ಟು ಅನಿಲ ನಕ್ಷತ್ರವಾಗುವುದೋ ಅಷ್ಟನ್ನೇ ಈ ವೇಗದಲ್ಲಿ ಹೊರಹಾಕಬಹುದು. ಆದರೆ ವಾಸ್ತವದಲ್ಲಿ ಬಹುಭಾಗ ಶಕ್ತಿ ವಿಕಿರಣವಾಗಿ ಪೋಲಾಗುತ್ತದೆ. ಪ್ಯಾಬ್ಲೊನ ಗೆಲಾಕ್ಸಿಯಲ್ಲಾದರೋ, ನಕ್ಷತ್ರಗಳನ್ನು ಹುಟ್ಟಿಸುತ್ತ ಇರಲು ಬೇಕಾಗುವುದಕ್ಕಿಂತ ಹೆಚ್ಚು ಅನಿಲ ಹೊರಹೋಗುತ್ತಿದೆ. ಸೂಪರ್‌ನೋವಾಗಳ ಲೆಕ್ಕ ಸಾಲುವುದಿಲ್ಲ. ಅದರ ನಡುವಿನ ಕಪ್ಪುಕುಳಿಯ ಮೇಲೆ ಬೆರಳು ತೋರುವುದು ಇದರಿಂದಲೇ. ಪತ್ರಿಕೆಗಳು ಇದನ್ನು 'ಕೊಲೆ' ಎಂದವು. ನನಗೆ ಕೇಳಿದರೆ ಉಪವಾಸ ಎಂಬ ಮಾತೇ ಸರಿ. ನಕ್ಷತ್ರಗಳನ್ನು ಯಾರೂ ಕೊಂದಿಲ್ಲ, ಹೊಸದಕ್ಕೆ ಆಹಾರವಿಲ್ಲ ಅಷ್ಟೆ.

ಇದಕ್ಕಿಂತ ಬಹಳ ಹಿಂದೆ, ವಿಶ್ವಕ್ಕೆ 43 ಕೋಟಿ ವರ್ಷವಾಗಿದ್ದಾಗಿನ ಜಿಎನ್-ಝಡ್11 ಗೆಲಾಕ್ಸಿಯಲ್ಲೂ ನೀಲಿಯತ್ತ ಸರಿದ ಕಾರ್ಬನ್ ಹೀರಿಕೆ ರೇಖೆ ಕಂಡಿದೆ. ವೇಗ ಸೆಕೆಂಡಿಗೆ 800ರಿಂದ 1,000 ಕಿ.ಮೀ. ಅಲ್ಲಿಯೂ ಒಂದು ಕಪ್ಪುಕುಳಿ ಇರುವ ಲಕ್ಷಣಗಳಿವೆ ಎಂದು 2024ರ ವರದಿ ಹೇಳುತ್ತದೆ.

ಒಂದೇ ಗೇಟನ್ನು ಅಳೆದರೆ

ಕಬಿನಿಯಿಂದ ನೀರು ಕ್ರೆಸ್ಟ್ ಗೇಟಿನಿಂದಲೂ ಹೋಗುತ್ತದೆ, ವಿದ್ಯುದಾಗಾರದಿಂದಲೂ ಹೋಗುತ್ತದೆ, ನಾಲೆಗಳಿಂದಲೂ ಹೋಗುತ್ತದೆ. ಒಂದನ್ನಷ್ಟೇ ಅಳೆದು ಹೊರಹರಿವು ಇಷ್ಟೇ ಎಂದರೆ? ಗೆಲಾಕ್ಸಿಗಳಲ್ಲಿ ಬಹುಕಾಲ ನಡೆದದ್ದು ಇದೇ. ಹೊರಡುವ ಅನಿಲದಲ್ಲಿ ಕೋಟಿ ಡಿಗ್ರಿ ಬಿಸಿಯದು, ಹತ್ತು ಸಾವಿರ ಡಿಗ್ರಿಯ ಅಯಾನೀಕೃತವಾದದ್ದು, ತಣ್ಣನೆಯ ಪರಮಾಣುಗಳದು, ಇನ್ನೂ ತಣ್ಣನೆಯ ಅಣುಗಳದು ಎಲ್ಲ ಸೇರಿರುತ್ತವೆ. ಒಂದೊಂದಕ್ಕೂ ಒಂದೊಂದು ರೇಖೆ, ಒಂದೊಂದು ದೂರದರ್ಶಕ. ಸುಲಭವಾಗಿ ಕಾಣುವುದು ಅಯಾನೀಕೃತ ಅನಿಲ. ಆದ್ದರಿಂದ ಅದರದೇ ಲೆಕ್ಕ ಎಲ್ಲೆಡೆ.

ಬೊಲೊನ್ಯಾ ವಿಶ್ವವಿದ್ಯಾಲಯದ ಸಿರಿಯೊ ಬೆಲ್ಲಿ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಕಾಸ್ಮೋಸ್-11142 ಗೆಲಾಕ್ಸಿಯ (ಕೆಂಪು ಪಲ್ಲಟ 2.445) ಅಧ್ಯಯನ ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಅಯಾನೀಕೃತ ಅನಿಲದ ಹೊರಹರಿವು ದುರ್ಬಲ. ಅದನ್ನಷ್ಟೇ ನೋಡಿದ್ದರೆ 'ವಿಶೇಷವೇನಿಲ್ಲ' ಎಂದು ಷರಾ ಬರೆದು ಮುಂದೆ ಹೋಗುತ್ತಿದ್ದರು. ಸೋಡಿಯಂ ಗೆರೆ ತೋರಿಸಿದ ತಟಸ್ಥ ಅನಿಲದ ಹೊರಹರಿವು ಮಾತ್ರ ನಕ್ಷತ್ರಗಳ ಹುಟ್ಟನ್ನೇ ನಿಲ್ಲಿಸುವಷ್ಟು ಪ್ರಬಲವಾಗಿತ್ತು. ಅಣುರೂಪದ ಅನಿಲಕ್ಕೂ ಸಾಕ್ಷ್ಯವಿದೆ. 2018ರಲ್ಲಿ ಜಸ್ಟಿನ್ ಸ್ಪಿಲ್ಕರ್ ತಂಡ ಆಲ್ಮಾದಿಂದ ಎಸ್‌ಪಿಟಿ2319-55 ಎಂಬ ದೂಳುಮಯ ಗೆಲಾಕ್ಸಿಯಲ್ಲಿ (ಕೆಂಪು ಪಲ್ಲಟ 5.29) ಹೈಡ್ರಾಕ್ಸಿಲ್ ಅಣುವಿನ ಹೀರಿಕೆ ರೇಖೆಯನ್ನು ಕಂಡಿತು, ಸೆಕೆಂಡಿಗೆ 800 ಕಿ.ಮೀ. ವೇಗ. ಅಲ್ಲಿ ನಕ್ಷತ್ರಗಳಾಗಿ ಮಾರ್ಪಡುವಷ್ಟೇ ಹೆಚ್ಚುಕಡಿಮೆ ಅನಿಲ ಹೊರಗೂ ಹೋಗುತ್ತಿತ್ತು. ವಿಶ್ವಕ್ಕೆ ಆಗ 100 ಕೋಟಿ ವರ್ಷ.

ಅಣೆಕಟ್ಟೆಯ ಕೆಳಗೆ

ಹೊರಹರಿವಿನ ಇನ್ನೊಂದು ಪರಿಣಾಮ ಗೆಲಾಕ್ಸಿಯ ಹೊರಗೆ ಕಾಣಬೇಕು. ಮೊದಲ ನಕ್ಷತ್ರಗಳು ಹುಟ್ಟುವ ಮುನ್ನ ವಿಶ್ವದ ಹೈಡ್ರೊಜನ್ನೆಲ್ಲ ತಟಸ್ಥವಾಗಿತ್ತು. ವಿಶ್ವಕ್ಕೆ ಸುಮಾರು 100 ಕೋಟಿ ವರ್ಷ ತುಂಬುವ ವೇಳೆಗೆ ಬಹುತೇಕ ಅಯಾನೀಕೃತವಾಗಿತ್ತು. ಈ ಕೆಲಸಕ್ಕೆ 91.2 ನ್ಯಾನೋಮೀಟರ್‌ಗಿಂತ ಚಿಕ್ಕ ತರಂಗದೂರದ ನೇರಳಾತೀತ ಬೆಳಕು ಬೇಕು. ಎಳೆಯ ನಕ್ಷತ್ರಗಳು ಅದನ್ನು ಸೂಸುತ್ತವೆ. ಆದರೆ ಗೆಲಾಕ್ಸಿಯೊಳಗಿನ ಅನಿಲವೇ ಅದನ್ನು ಹೀರಿಬಿಡುತ್ತದೆ. ಬೆಳಕು ಹೊರಬರಲು ಅನಿಲದ ಹೊದಿಕೆಯಲ್ಲಿ ತೂತುಗಳಿರಬೇಕು. ಆ ತೂತುಗಳನ್ನು ಕೊರೆಯಬಲ್ಲವುಗಳಲ್ಲಿ ಹೊರಹರಿವು ಮುಖ್ಯವಾದದ್ದು. ಹೀಗೆ ಬೆಳಕು ಸೋರುವ ಒಂದು ಗೆಲಾಕ್ಸಿಯನ್ನು 2020ರಲ್ಲಿ ಪುಣೆಯ ಐಯುಕಾದ ಕನಕ್ ಸಾಹಾ ನೇತೃತ್ವದ ತಂಡ 1.42 ಕೆಂಪು ಪಲ್ಲಟದಲ್ಲಿ ಪತ್ತೆಮಾಡಿತು. ನೆರವಾದದ್ದು 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕ. ಅದನ್ನು ರೂಪಿಸುವ ಕೆಲಸದ ಮುಂದಾಳತ್ವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು.

ಹಾಗಾದರೆ ಮೊಟ್ಟಮೊದಲ ಗೆಲಾಕ್ಸಿಗಳ ಹೊರಗಿನ ಅನಿಲವನ್ನೇ ನೋಡಬಾರದೇಕೆ? ಅದರ 21 ಸೆಂ.ಮೀ. ಅಲೆ ಬರುವುದು ಎಲ್ಲಿ, ಲೆಕ್ಕ ಮಾಡಿ. ಜೇಡ್ಸ್-ಜಿಎಸ್-ಝಡ್14-0 ಕಾಲದ್ದಾದರೆ 1420.4ನ್ನು 15.18ರಿಂದ ಭಾಗಿಸಿದರೆ 93.6 ಮೆಗಾಹರ್ಟ್ಸ್. ನೇರ ಎಫ್.ಎಂ. ಪಟ್ಟಿಯೊಳಗೆ! ಮೈಸೂರು ಆಕಾಶವಾಣಿಯ 100.6ರಲ್ಲಿ ರೇಡಿಯೊ ಕೇಳುವಾಗ, 13.1 ಕೆಂಪು ಪಲ್ಲಟದ ಹೈಡ್ರೊಜನ್ ಕೂಡ ಅದೇ ಆವೃತ್ತಿಯಲ್ಲಿ ಹಾಡುತ್ತಿರುತ್ತದೆ. ನಿಲಯದ ದನಿಯಲ್ಲಿ ಅದು ಮುಳುಗಿಹೋಗುತ್ತದೆ ಅಷ್ಟೆ.

ಆದ್ದರಿಂದ ರಾಮನ್ ಸಂಶೋಧನಾ ಸಂಸ್ಥೆಯ 'ಸರಸ್-3' ತಂಡ ಎಫ್.ಎಂ.ಗಿಂತ ಕೆಳಗಿನ 55ರಿಂದ 85 ಮೆಗಾಹರ್ಟ್ಸ್ ಪಟ್ಟಿಯನ್ನು ಆರಿಸಿತು. ವಿಶ್ವಕ್ಕೆ 20 ಕೋಟಿ ವರ್ಷದ ಆಸುಪಾಸಿನ ಕಾಲವದು. ರವಿ ಸುಬ್ರಹ್ಮಣ್ಯನ್, ಸೌರಭ್ ಸಿಂಗ್ ಮೊದಲಾದವರು 2020ರ ಆರಂಭದಲ್ಲಿ ಆಂಟೆನಾವನ್ನು ಮೊದಲು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯ ಮೇಲೆ, ಮಾರ್ಚಿಯಲ್ಲಿ ಶರಾವತಿಯ ಹಿನ್ನೀರಿನ ಮೇಲೆ ತೇಲಿಬಿಟ್ಟರು. ನೀರಿನ ಮೇಲೇಕೆ? ನೆಲದಡಿಯಲ್ಲಿ ಮಣ್ಣು, ಕಲ್ಲು, ತೇವದ ಪದರಗಳಿರುತ್ತವೆ. ಒಂದೊಂದೂ ರೇಡಿಯೊ ಅಲೆಯನ್ನು ಬೇರೆ ಬೇರೆಯಾಗಿ ಪ್ರತಿಫಲಿಸಿ ರೋಹಿತದಲ್ಲಿ ಸುಳ್ಳು ಏರಿಳಿತಗಳನ್ನು ಮೂಡಿಸುತ್ತವೆ. ಆಳವಾದ ನೀರು ಏಕರೂಪದ್ದು. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕವೂ ಹೆಚ್ಚು. ಹುಡುಕುತ್ತಿರುವ ಸಂಕೇತ ಒಂದು ಕೆಲ್ವಿನ್‌ನ ಸಣ್ಣ ಅಂಶ; ಅದನ್ನು ಮುಚ್ಚುವ ಆಕಾಶಗಂಗೆಯ ರೇಡಿಯೊ ಹೊಳಪು ಸಾವಿರಾರು ಕೆಲ್ವಿನ್.

ಈ ಸಾಹಸಕ್ಕೆ ತುರ್ತು ಕಾರಣವೂ ಇತ್ತು. 2018ರಲ್ಲಿ ಅಮೆರಿಕದ 'ಎಡ್ಜಸ್' ತಂಡ ಆಸ್ಟ್ರೇಲಿಯದ ಮರುಭೂಮಿಯಿಂದ 78 ಮೆಗಾಹರ್ಟ್ಸ್ ಬಳಿ ಅರ್ಧ ಕೆಲ್ವಿನ್ ಆಳದ ಹೀರಿಕೆಯನ್ನು ಕಂಡೆವು ಎಂದಿತ್ತು. ತಿಳಿದ ಭೌತವಿಜ್ಞಾನ ಅನುಮತಿಸುವುದಕ್ಕಿಂತ ಅದು ಬಹಳ ಆಳ. ಅನಿಲ ಅಷ್ಟು ತಣ್ಣಗಾಗಲು ಕಪ್ಪುದ್ರವ್ಯ ಕಾರಣವೆ, ಮೊದಲ ಗೆಲಾಕ್ಸಿಗಳ ರೇಡಿಯೊ ಹೊಳಪು ಕಾರಣವೆ ಎಂದು ನೂರಾರು ಪ್ರಬಂಧಗಳು ಬಂದವು. ಶರಾವತಿಯ ದತ್ತಾಂಶದಲ್ಲಿ ಆ ತಗ್ಗು ಇರಲಿಲ್ಲ. ಶೇ. 95.3 ವಿಶ್ವಾಸದೊಡನೆ ಅದನ್ನು ತಳ್ಳಿಹಾಕಿದ ವರದಿ 2022ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದೇ ವರ್ಷದ ನವೆಂಬರಿನಲ್ಲಿ, ಏನೂ ಕಾಣದೆ ಹೋದುದನ್ನೇ ಬಳಸಿ, ಆ ಕಾಲದ ಗೆಲಾಕ್ಸಿಗಳು ರೇಡಿಯೊದಲ್ಲಿ ಎಷ್ಟು ಪ್ರಕಾಶಮಾನವಾಗಿರಲು ಸಾಧ್ಯವಿಲ್ಲ ಎಂಬ ಮಿತಿಯನ್ನು ಕೇಂಬ್ರಿಡ್ಜ್ ಮತ್ತಿತರ ಸಂಶೋಧಕರೊಡನೆ ಸೇರಿ ಹಾಕಿದರು. 'ಕಾಣಲಿಲ್ಲ' ಎಂಬ ಫಲಿತಾಂಶಕ್ಕೆ ನಮ್ಮಲ್ಲಿ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಬಿ.ಎಸ್ಸಿ. ಪ್ರಯೋಗ ಪುಸ್ತಕದಲ್ಲಿ 'ನಿರೀಕ್ಷಿತ ಮೌಲ್ಯ ಬರಲಿಲ್ಲ' ಎಂದು ಪ್ರಾಮಾಣಿಕವಾಗಿ ಬರೆದವನಿಗೆ ಅಂಕ ಕತ್ತರಿಸುವ ಪದ್ಧತಿ ಎಷ್ಟು ಕಾಲೇಜುಗಳಲ್ಲಿಲ್ಲ!

ಎಫ್.ಎಂ. ನಿಲಯಗಳ ಪಟ್ಟಿಯೊಳಗೇ ಅಡಗಿರುವ ಭಾಗವನ್ನು ಕೇಳಬೇಕಾದರೆ ಭೂಮಿಯನ್ನೇ ಬಿಟ್ಟು ಹೋಗಬೇಕು. ಅದೇ ರಾಮನ್ ಸಂಸ್ಥೆಯಲ್ಲಿ 'ಪ್ರತುಷ್' ಎಂಬ ಉಪಕರಣ ವಿನ್ಯಾಸದ ಹಂತದಲ್ಲಿದೆ. ಅದು ಚಂದ್ರನನ್ನು ಸುತ್ತುತ್ತ, ಚಂದ್ರನ ಆಚೆ ಬದಿಗೆ ಹೋದಾಗ ಮಾತ್ರ ಅಳತೆ ಮಾಡುವ ಯೋಜನೆ. ಅಲ್ಲಿ ಭೂಮಿಯ ಎಲ್ಲ ರೇಡಿಯೊ ನಿಲಯಗಳಿಗೂ ಚಂದ್ರನ ಇಡೀ ಗೋಳವೇ ಅಡ್ಡಗೋಡೆ.